ಜಾಲತಾಣ-ಯಜಮಾನ ಸಾಲಾವಳಿ ನಿರ್ಣಯ

ಹೆಣ್ಣು ಗಂಡಿನ ಜಾತಕ ಕೂಡಿಸುವಾಗ ಎಂಟು ಕೂಟ ನೋಡಿ, 36 ಗುಣಗಳಲ್ಲಿ 18 ಆದರೂ ಬಂದರೆ ಮಾತುಕತೆಗೆ ಕೂರುವ ನಾವು, ಒಂದು ಜಾಲತಾಣವನ್ನು ಯಜಮಾನನ ಕೊರಳಿಗೆ ಕಟ್ಟುವಾಗ ಮಾತ್ರ ಏನನ್ನೂ ನೋಡುವುದಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಗಣಕೂಟ. ದೇವಗಣದ ಯಜಮಾನ ದಿನಾ ಬೆಳಿಗ್ಗೆ ಎದ್ದು ತಾಣ ತಿದ್ದುತ್ತಾನೆ ಎಂಬ ಪ್ರತೀತಿ ಇದೆ. ಪ್ರತ್ಯಕ್ಷ ಪ್ರಮಾಣ ಸಿಕ್ಕಿಲ್ಲ. ಮನುಷ್ಯಗಣದವನು ಪಾಸ್‌ವರ್ಡ್ ನೆನಪಿರುವವರೆಗೆ ತಿದ್ದುತ್ತಾನೆ. ರಾಕ್ಷಸಗಣದವನು ಉದ್ಘಾಟನೆಯ ದಿನ ದೀಪ ಹಚ್ಚಿ, ಮೌಸ್ ಒತ್ತಿ, ಶಾಲು ಹೊದ್ದು ಹೋದವನು ಮತ್ತೆ ಅತ್ತ ತಲೆ ಹಾಕುವುದಿಲ್ಲ. ‘ಇತ್ತೀಚಿನ ಸುದ್ದಿ’, ‘ಮುಂಬರುವ ಕಾರ್ಯಕ್ರಮ’, ‘ತಿಂಗಳ ಅತಿಥಿ’ ಎಲ್ಲವೂ ಇರಲೇಬೇಕೆಂದು ಹಟ ಹಿಡಿಯುವವನೂ ಇವನೇ.

ಕ್ಷೇತ್ರಕಾರ್ಯಕ್ಕೆಂದು ಪ್ರಬಂಧಕಾರನು ಒಂದು ಬಡಾವಣೆ ಸಂಘದ ತಾಣವನ್ನು ಹೊಕ್ಕನು. ಅಲ್ಲಿ ‘ಹೊಸತು’ ಎಂದು ಕೆಂಪಗೆ ಮಿನುಗುತ್ತಿದ್ದುದು ದುರ್ಮುಖಿ ಸಂವತ್ಸರದ ಯುಗಾದಿ ಶುಭಾಶಯ. ಅಂದರೆ 2016ರದು. ಅಧ್ಯಕ್ಷರ ಭಾವಚಿತ್ರದಲ್ಲಿ ಅವರಿಗೆ ಇನ್ನೂ ಕೂದಲಿತ್ತು.

ಇಲ್ಲಿ ಪೂರ್ವಪಕ್ಷ: ಹಳತಾಗುವುದೇ ದೋಷವಲ್ಲವೇ? ಅಲ್ಲ. ‘ಸ್ಪೇಸ್ ಜ್ಯಾಮ್’ ಚಿತ್ರಕ್ಕೆಂದು 1996ರಲ್ಲಿ ಮಾಡಿದ ತಾಣವನ್ನು ಜನ ಇಂದಿಗೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಸಂಸ್ಥೆಯಿಂದ ಲೋಕಕ್ಕೆ ತೆರೆದಿಟ್ಟ ಮೊದಲ ತಾಣದಲ್ಲಿದ್ದುದು ಅಕ್ಷರ, ಕೊಂಡಿ, ಇಷ್ಟೇ. 2013ರಲ್ಲಿ ಸರ್ನ್‌ನವರು ಅದನ್ನು ಹುಡುಕಿ ತಂದು ಹಳೆಯ ವಿಳಾಸದಲ್ಲೇ ಮತ್ತೆ ಕೂರಿಸಿದರು. ಇವು ಭರಣಿಯ ಉಪ್ಪಿನಕಾಯಿ. ‘ಇತ್ತೀಚಿನ ಸುದ್ದಿ’ ಎಂಬುದು ದಂಟಿನ ಸೊಪ್ಪು. ಸೊಪ್ಪನ್ನು ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ ಮರೆತವನು ವಾಸನೆಗೆ ಭರಣಿಯನ್ನು ಬೈಯಬಾರದು.

ದೋಷಪರಿಹಾರಗಳೂ ಪ್ರಚಲಿತವಿವೆ. ಪುಟದ ತಳದಲ್ಲಿ ಹಕ್ಕುಸ್ವಾಮ್ಯದ ವರ್ಷವನ್ನು ತಾನೇ ಬದಲಿಸಿಕೊಳ್ಳುವ ಒಂದು ಸಾಲಿನ ಸ್ಕ್ರಿಪ್ಟ್ ಇದೆ. ಇದು ಮೀಸೆಗೆ ಬಣ್ಣ ಹಚ್ಚಿದಂತೆ. ಮಂಡಿನೋವು ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ತೆರೆದು, ಬಂದವರೇ ತಿದ್ದಲಿ ಎಂದ. ಸೋಮಾರಿಗೆ ಇದು ಅಮೃತದಂತೆ ಕೇಳಿಸುತ್ತದೆ. ಆದರೆ ಗೇಟು ತೆರೆದಿಟ್ಟು ಕಾವಲಿಗೆ ಕೂರದವನ ತೋಟಕ್ಕೆ ಬರುವುದು ಮಾಲಿಯಲ್ಲ, ಬೀಡಾಡಿ ದನ.

ಆದ್ದರಿಂದ ನಿರ್ಣಯ. ರಾಕ್ಷಸಗಣಕ್ಕೆ ಒಂದೇ ಪುಟ: ಹೆಸರು, ವಿಳಾಸ, ಫೋನು, ಕಟ್ಟಡದ ಪಟ. ಕಟ್ಟಡಕ್ಕೆ ಸುಣ್ಣ ಹೊಡೆಸುವ ಅಭ್ಯಾಸವಿದ್ದರೆ ಪಟವೂ ಬೇಡ. ಕಾಲಸೂಚನೆ ಇರಲೇಬೇಕೆಂದು ಅವನು ಹಟ ಹಿಡಿದರೆ ಇಸವಿ ನಿಷಿದ್ಧ, ಸಂವತ್ಸರ ಪ್ರಶಸ್ತ. ಇಸವಿ ಹೋದದ್ದು ಹೋಯಿತು. ಸಂವತ್ಸರ 60 ವರ್ಷಕ್ಕೆ ತಿರುಗಿ ಬರುತ್ತದೆ. ಮೇಲೆ ಹೇಳಿದ ಸಂಘದವರು ಆ ಶುಭಾಶಯವನ್ನು ಹಾಗೇ ಮುಟ್ಟದೆ ಬಿಟ್ಟರೆ 2076ರ ಯುಗಾದಿಗೆ ಸರಿಯಾಗಿ ಕೂರುತ್ತದೆ. ಅಲ್ಲಿಯವರೆಗೆ ಹೋಸ್ಟಿಂಗ್ ದುಡ್ಡು ಕಟ್ಟುವವರೊಬ್ಬರು ಬೇಕು, ಅಷ್ಟೆ.