ಒಳಗಿನ ಒಳಚರಂಡಿ ಮಂಡಳಿ

ಬೆಳಗಿನ ಆರೂವರೆಗೆ ಲಾಲ್‌ಬಾಗಿನ ಗೇಟಿನ ಹೊರಗೆ ನಿಂತರೆ ಬೆಂಗಳೂರಿನ ಪಾಪದ ಲೆಕ್ಕವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಸ್ಟೀಲ್ ಕ್ಯಾನುಗಳಲ್ಲಿ ಹಸಿರು, ಅದಕ್ಕಿಂತ ಗಾಢ ಹಸಿರು, ನೋಡಿದರೇ ಕಣ್ಣಲ್ಲಿ ನೀರು ಬರುವ ಹಸಿರು. ಬೂದುಗುಂಬಳ, ಸೋರೆ, ಹಾಗಲ, ಬೇವು, ಗೋಧಿಹುಲ್ಲು, ಅಮೃತಬಳ್ಳಿ. ಕುಡಿಯುವವರ ಮುಖ ನೋಡಬೇಕು. ಒಂದು ಕೈ ಸೊಂಟದ ಮೇಲೆ, ಕಣ್ಣು ಮುಚ್ಚಿದೆ, ನಿನ್ನೆ ರಾತ್ರಿಯ ಗೋಬಿ ಮಂಚೂರಿಗೆ ಇವತ್ತು ಬೆಳಗ್ಗೆ ಪ್ರಾಯಶ್ಚಿತ್ತ. ಹಿಂದೆ ಈ ಕೆಲಸಕ್ಕೆ ಪಂಚಗವ್ಯ ಇತ್ತು. ಪುರೋಹಿತರು ಕರುಣಾಳುಗಳು, ಒಂದು ಉದ್ಧರಣೆಯಷ್ಟು ಕೊಟ್ಟು ಬಿಟ್ಟುಬಿಡುತ್ತಿದ್ದರು. ಇಲ್ಲಿ ಫುಲ್ ಗ್ಲಾಸು.

ನನ್ನ ಭಾವಮೈದ ಈ ಸಾಲಿನ ಖಾಯಂ ಭಕ್ತ. ಹೋದ ತಿಂಗಳು ನನ್ನನ್ನೂ ಎಳೆದುಕೊಂಡು ಹೋದ.

“ಭಾವ, ನಿಮ್ಮ ಬಾಡೀಲಿ ಎಷ್ಟು ಟಾಕ್ಸಿನ್ ತುಂಬ್ಕೊಂಡಿದೆ ಗೊತ್ತಾ?”

“ಯಾವ ಟಾಕ್ಸಿನ್ನೋ?”

“ಟಾಕ್ಸಿನ್ ಅಂದ್ರೆ ಟಾಕ್ಸಿನ್ ಭಾವ. ಎಲ್ಲಾ ಸೇರಿ.”

“ಒಂದರ ಹೆಸರು ಹೇಳು ನೋಡೋಣ.”

ಅವನು ನನ್ನನ್ನು ದೇವರ ಗೋತ್ರ ಕೇಳಿದವನಂತೆ ನೋಡಿದ. ತಪ್ಪು ಅವನದಲ್ಲ. 2009ರಲ್ಲಿ ಬ್ರಿಟನ್ನಿನ ಕೆಲವು ಯುವ ವಿಜ್ಞಾನಿಗಳು ಡಿಟಾಕ್ಸ್ ಎಂದು ಬರೆದುಕೊಂಡ 15 ಸರಕುಗಳನ್ನು ಆರಿಸಿ, ತಯಾರಿಸಿದವರಿಗೇ ಇದೇ ಪ್ರಶ್ನೆ ಹಾಕಿದ್ದರು. ಡಿಟಾಕ್ಸ್ ಎಂದರೇನು ಎಂಬುದಕ್ಕೆ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ತಾಳೆಯಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈಗ ಟಾಕ್ಸಿನ್ ಎಂದರೆ ಸಾಕು, ಊರಿಗೆ ಊರೇ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತದೆ. ಪರಿಹಾರಕ್ಕೂ ಅದೇ ಕುಂಬಳಕಾಯಿ.

ಆ ಹೊಟ್ಟೆಯೊಳಗೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಸುಮಾರು ಒಂದೂವರೆ ಕಿಲೋ ತೂಗುವ ಒಬ್ಬ ಗುಮಾಸ್ತ ಕೂತಿದ್ದಾನೆ. ನಿಮಿಷಕ್ಕೆ ಸರಿಸುಮಾರು ಒಂದೂವರೆ ಲೀಟರ್ ರಕ್ತ ಅವನ ಮೇಜಿನ ಮೇಲಿಂದ ಹಾದುಹೋಗುತ್ತದೆ. ಅಮೋನಿಯಾ ಬಂತೇ, ಯೂರಿಯಾ ಮಾಡಿ ಕಳಿಸು. ಶನಿವಾರ ರಾತ್ರಿಯ ಎರಡು ಪೆಗ್ ಬಂತೇ, ಒಡೆದು ವಿಲೇವಾರಿ ಮಾಡು. ಭಾನುವಾರ ರಜೆಯಿಲ್ಲ, ಹಬ್ಬದ ದಿನ ಓವರ್‌ಟೈಮು. ಕೆಳಗಿನ ಮಹಡಿಯಲ್ಲಿ ಎರಡು ಮೂತ್ರಪಿಂಡಗಳು ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಒಂದೂವರೆ ಲೀಟರನ್ನಷ್ಟೇ ಹೊರಗೆ ಬಿಟ್ಟು ಉಳಿದದ್ದನ್ನು ರಕ್ತಕ್ಕೇ ಹಿಂತಿರುಗಿಸುತ್ತವೆ. ಇಂಥ ಸೋರಿಕೆಯ ಲೆಕ್ಕವನ್ನು ನಮ್ಮ ಜಲಮಂಡಳಿ ಕನಸಿನಲ್ಲೂ ಕಂಡಿರಲಾರದು. ಖಾಯಂ ನೌಕರರು ಹೀಗೆ ಬಿಟ್ಟಿ ದುಡಿಯುತ್ತಿರುವಾಗ ನಾವು ಮಾಡುವುದೇನು? ಅದೇ ಕೆಲಸವನ್ನು ಸೋರೆಕಾಯಿಗೆ ಹೊರಗುತ್ತಿಗೆ ಕೊಡುತ್ತೇವೆ.

ಸೋರೆಕಾಯಿಯ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹುಳಿಗೆ ಹಾಕಿದರೆ ಇದರಷ್ಟು ಸಾಧು ತರಕಾರಿ ಇನ್ನೊಂದಿಲ್ಲ. ಆದರೆ ಕೆಲವು ಕಾಯಿ ಕಹಿ ಹುಟ್ಟುತ್ತವೆ. ಕುಕರ್ಬಿಟಸಿನ್ ಎಂಬ ವಿಷ, ತನ್ನನ್ನು ತಿನ್ನಲು ಬರುವವರಿಗಾಗಿ ಬಳ್ಳಿ ಇಟ್ಟುಕೊಂಡ ಆಯುಧ. ಅದರ ರಸ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಕೆಲವರಿಗೆ ರಕ್ತವಾಂತಿ, ಬಿಪಿ ಕುಸಿತ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಆರೋಗ್ಯಕ್ಕೆಂದು ಕುಡಿದು ಪ್ರಾಣವನ್ನೇ ಬಿಟ್ಟರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಕೂರಿಸಿತು. ಸಮಿತಿ ಕೂತು, ಓದಿ, ಚರ್ಚಿಸಿ ಕೊಟ್ಟ ಸಲಹೆಯ ತಾತ್ಪರ್ಯ: ರಸ ಮಾಡುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ.

ನಮ್ಮಜ್ಜಿ ಈ ಸಮಿತಿಯಲ್ಲಿ ಇರಲಿಲ್ಲ. ಆದರೂ ಸೌತೆಯ ತುದಿ ಕೊಯ್ದು ಉಜ್ಜಿ ನೊರೆ ತೆಗೆದು, ಸೋರೆಯ ಒಂದು ಬಿಲ್ಲೆ ನಾಲಿಗೆಗೆ ಮುಟ್ಟಿಸಿ, “ಥೂ, ಕಹಿ!” ಎಂದು ಹಿತ್ತಿಲಿಗೆ ಎಸೆಯುತ್ತಿದ್ದಳು. ಅಜ್ಜಿಯ ಮೊಮ್ಮಕ್ಕಳಿಗೆ ಅವಳಿಗಿಂತ ಜ್ಞಾನ ಹೆಚ್ಚು. “ಕಹಿ ಇದ್ದಷ್ಟೂ ಒಳ್ಳೇದು ಭಾವ, ಒಳಗೆ ಕೆಲಸ ಮಾಡ್ತಾ ಇದೆ ಅಂತ ಅರ್ಥ.” ಮೈಗೆ ಹಿಂಸೆಯಾಗದ ಧರ್ಮ ನಮಗೆ ರುಚಿಸುವುದಿಲ್ಲ. ಇದೇ ರಸ ಪೇರಳೆ ಹಣ್ಣಿನಷ್ಟು ಸಿಹಿಯಾಗಿದ್ದರೆ ಗೇಟಿನ ಹೊರಗೆ ಒಂದು ಕ್ಯಾನು ಖರ್ಚಾಗುತ್ತಿರಲಿಲ್ಲ.

ಅಮೃತಬಳ್ಳಿಯದು ಇನ್ನೂ ಸ್ವಾರಸ್ಯ. ಕೊರೊನಾ ಕಾಲದಲ್ಲಿ ಕಾಂಪೌಂಡಿನ ಮೇಲೆ ಹಬ್ಬಿದ್ದ ಬಳ್ಳಿಗಳೆಲ್ಲ ಬುಡಸಮೇತ ಕಷಾಯವಾದವು. 2021ರಲ್ಲಿ ಮುಂಬೈನ ವೈದ್ಯರು, ಇದನ್ನು ಸೇವಿಸುತ್ತಿದ್ದ ಆರು ರೋಗಿಗಳ ಯಕೃತ್ತಿಗೆ ಪೆಟ್ಟು ಬಿದ್ದಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ವಾದ, ಪ್ರತಿವಾದ ಪತ್ರಿಕೆಗಳಲ್ಲಿ ನಡೆದವು. ಗುಮಾಸ್ತನ ಹೇಳಿಕೆ ಮಾತ್ರ ಯಾರೂ ಪಡೆಯಲಿಲ್ಲ.

ನಾನು ಬಗ್ಗದ್ದನ್ನು ಕಂಡು ಭಾವಮೈದ ಕೊನೆಯ ಅಸ್ತ್ರ ತಂದ. ರಾತ್ರಿ ಅಂಗಾಲಿಗೆ ಅಂಟಿಸಿಕೊಂಡು ಮಲಗುವ ಪಟ್ಟಿ. ಬೆಳಗ್ಗೆ ಕಿತ್ತರೆ ಕಾಫಿ ಗಸಿಯ ಬಣ್ಣ. “ನೋಡಿ ಭಾವ, ಒಂದೇ ರಾತ್ರೀಲಿ ಎಷ್ಟು ಎಳೆದಿದೆ!” ಅವನ ಮುಖದಲ್ಲಿ ನಾಲಾ ಹೂಳೆತ್ತಿಸಿದ ಕಾರ್ಪೊರೇಟರನ ತೃಪ್ತಿ. ನಾನು ಇನ್ನೊಂದು ಹೊಸ ಪಟ್ಟಿ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಇಡ್ಲಿ ಪಾತ್ರೆಯ ಆವಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಅದೂ ಕಪ್ಪಾಯಿತು. ಪಟ್ಟಿಯಲ್ಲಿರುವುದು ಮರದ ಹೊಗೆಯಿಂದ ಇಳಿಸಿದ ವಿನೆಗರಿನ ಪುಡಿ, ಬೆವರಾಗಲಿ ಆವಿಯಾಗಲಿ ತೇವ ತಾಗಿದರೆ ಕಪ್ಪಾಗುವುದು ಅದರ ಜಾಯಮಾನ. ಇಂಥ ಪಟ್ಟಿ ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಮೊಕದ್ದಮೆ ಹೂಡಿತ್ತು. ನಾನು ಇದನ್ನೆಲ್ಲ ವಿವರಿಸಿದೆ. ಅವನು ಪಟ್ಟಿಯನ್ನೂ ಇಡ್ಲಿಯನ್ನೂ ಮತ್ತೆ ಮತ್ತೆ ನೋಡಿ, “ಹಾಗಾದ್ರೆ ಅಕ್ಕಿಲೂ ಟಾಕ್ಸಿನ್ ಇದೆ ಭಾವ” ಎಂದ. ಅಂದಿನಿಂದ ಅವನ ಮನೆಯಲ್ಲಿ ಇಡ್ಲಿ ಬಂದ್, ಸಿರಿಧಾನ್ಯ. ಅವನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ವಿಷ ಎನ್ನುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಅದಕ್ಕೆ ಹೆಸರೂ ಇದೆ. ಪಾವಗಡದ ಬೋರ್‌ವೆಲ್ಲಿನಲ್ಲಿ ಅದರ ಹೆಸರು ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಿದ ನೀರನ್ನು ಕುಡಿಯಬಾರದು ಎಂದು ನಿಯಮವಿದೆ, ದಾಟಿದ್ದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ವಯಸ್ಸಾದವರ ಬೆನ್ನು ಬಾಗಿದೆ. ಯಾವ ಗೋಧಿಹುಲ್ಲಿನ ರಸವೂ ಆ ಗೆರೆ ಅಳಿಸುವುದಿಲ್ಲ. ಅಲ್ಲಿ ಬೇಕಾದದ್ದು ಶುದ್ಧ ನೀರಿನ ಘಟಕ, ಅದು ಕೆಟ್ಟರೆ ರಿಪೇರಿ ಮಾಡುವ ಒಬ್ಬ ಮನುಷ್ಯ. ಆದರೆ ಪಾವಗಡದಲ್ಲಿ ಡಿಟಾಕ್ಸ್ ಅಂಗಡಿ ಇಟ್ಟರೆ ಬಾಡಿಗೆಯೂ ಹುಟ್ಟುವುದಿಲ್ಲ. ವಿಷ ಇರುವಲ್ಲಿ ದುಡ್ಡಿಲ್ಲ, ದುಡ್ಡು ಇರುವಲ್ಲಿ ವಿಷದ ಭಯ ಇದೆ.

ನಮ್ಮ ಊರಿನ ಭಯವಾದರೂ ಎಂಥ ಆಯ್ದ ಭಯ! ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ವಿಡಿಯೋ ಮಾಡಿ ಕಳಿಸಿದೆವು. ನೀರು ಉರಿಯುವುದನ್ನು ಕಂಡೂ ಹೊಟ್ಟೆ ಉರಿಯದವರು ನಾವು. ಮಾರನೆಯ ದಿನ ಎಂದಿನಂತೆ ನಿಂಬೆಹಣ್ಣು ಹಿಂಡಿದ ಬಿಸಿನೀರು.

ಹೋದ ಭಾನುವಾರ ಭಾವಮೈದನ ಜೊತೆ ಮತ್ತೆ ಅದೇ ಸಾಲಿಗೆ ಹೋಗಬೇಕಾಯಿತು. ಪಾಲಕ್, ಕೊತ್ತಂಬರಿ, ಪುದೀನ ಹಾಕಿ ರುಬ್ಬಿದ ಹೊಸ ಹಸಿರು ಬಂದಿತ್ತು. ಸೊಪ್ಪು ಎಲ್ಲಿಯದಪ್ಪಾ ಎಂದು ಕೇಳಿದೆ.

“ಕೋಲಾರದ್ದು ಸಾರ್. ಬೆಳಗಿನ ಜಾವ ಬಂದ ಲೋಡು, ಸಕತ್ ಫ್ರೆಶ್ಶು.”

ಕೋಲಾರ. 2018ರಿಂದ ನಮ್ಮ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿ, ಮೂರನೆಯದನ್ನು ನಾಚಿಕೆಯಿಂದ ಬಿಟ್ಟು, ಪೈಪಿನಲ್ಲಿ ಹೊರಟು ಕೋಲಾರದ ಕೆರೆ ತುಂಬುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಕಳಿಸುವ ಯೋಜನೆ. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಗಿತ್ತು. ಕೆರೆ ತುಂಬಿತು, ಅಂತರ್ಜಲ ಏರಿತು, ಬತ್ತಿದ ಬೋರ್‌ವೆಲ್ಲುಗಳಿಗೆ ಜೀವ ಬಂತು, ಬರಡಾಗಿದ್ದ ಹೊಲದಲ್ಲಿ ಸೊಪ್ಪು ಎದ್ದಿತು. ಬರದಲ್ಲಿ ಬೆಂದ ರೈತನನ್ನು ನಾನು ದೂರಲಾರೆ, ನಾವು ಕೊಟ್ಟ ನೀರಲ್ಲೇ ಅವನು ಬೆಳೆಯಬೇಕು. ನನಗೆ ಹೊಳೆದದ್ದು ಬೇರೆ: ಮನೆಗೆ ಹೋಗಿ ನಾವು ಫ್ಲಶ್ ಮಾಡುವ ಟಾಕ್ಸಿನ್ನು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಗ್ಲಾಸಿನಲ್ಲೇ ಇತ್ತು.

“ಕುಡೀರಿ ಭಾವ, ಒಂದು ವಾರದಲ್ಲಿ ಒಳಗಿಂದೆಲ್ಲಾ ಹೊರಗೆ ಹೋಗುತ್ತೆ.”

“ವಾಪಸ್ ಬರೋದಕ್ಕೆ ಎಷ್ಟು ದಿನ ಬೇಕು?” ಎಂದೆ.

ಅವನಿಗೆ ಕೇಳಿಸಲಿಲ್ಲ. ಆಗಲೇ ಕಣ್ಣು ಮುಚ್ಚಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡಿದ್ದ.