ಸ್ಪೀಕರಣ್ಣನ ಸವಾರಿ

ಕುಂದಾಪುರದಿಂದ ಸಿದ್ದಾಪುರದ ಕಡೆಗೆ ಹೊರಡುವ ಯಾವ ಬಸ್ಸನ್ನು ಹತ್ತಿದರೂ ಅವನೊಬ್ಬ ಒಳಗಿರುತ್ತಾನೆ. ಮನೆಯಲ್ಲಿಟ್ಟ ಹೆಸರು ಏನೇ ಇರಲಿ, ನಮ್ಮ ಮಟ್ಟಿಗೆ ಅವನು ಸ್ಪೀಕರಣ್ಣ. ಪ್ರಾಯ ನಲವತ್ತರ ಮೇಲೆ, ಅರವತ್ತರ ಕೆಳಗೆ. ಫೋನನ್ನು ಕಿವಿಗೆ ಹಿಡಿಯುವ ಪದ್ಧತಿ ಅವನಲ್ಲಿಲ್ಲ. ಬಾಯಿಯ ಮುಂದೆ ಅಡ್ಡ ಹಿಡಿದು, ಸ್ಪೀಕರ್ ಹಾಕಿ, "ಹ್ವಾಯ್, ಹೇಳಿ ಮಾರ್ರೆ" ಎಂದು ಶುರು ಮಾಡಿದನೆಂದರೆ ಕಂಡಕ್ಟರನ ಸೀಟಿಯೂ ಡ್ರೈವರಿಗೆ ಕೇಳಿಸುವುದು ಕಷ್ಟ. ಬಸ್ರೂರು ದಾಟುವಷ್ಟರಲ್ಲಿ ತಮ್ಮನೊಡನೆ ನಡೆಯುತ್ತಿರುವ ಪಾಲಿನ ವ್ಯಾಜ್ಯ ಎಲ್ಲಿಯವರೆಗೆ ಬಂತೆಂದು ಇಡೀ ಬಸ್ಸಿಗೆ ಗೊತ್ತಾಗಿರುತ್ತದೆ. ಹಾಲಾಡಿ ಬರುವಾಗ ಸೊಸೈಟಿ ಸಾಲದ ಬಾಕಿ ಎಷ್ಟೆಂಬುದು ಹೊರಬೀಳುತ್ತದೆ. ಶಂಕರನಾರಾಯಣದ ಪೇಟೆಯಲ್ಲಿ ಇಳಿಯುವ ಹೊತ್ತಿಗೆ ಅಳಿಯನ ಮೂಲವ್ಯಾಧಿಗೆ ಮಣಿಪಾಲದಲ್ಲಿ ಆಪರೇಷನ್ನೋ, ಊರಿನ ಮದ್ದೋ ಎಂಬ ಪ್ರಶ್ನೆ ಚರ್ಚೆಯಾಗಿ, ಹಿಂದಿನ ಸೀಟಿನವರೊಬ್ಬರು ತಮ್ಮ ಅಭಿಪ್ರಾಯವನ್ನೂ ಸೇರಿಸಿರುತ್ತಾರೆ. ಇದೇ ಸ್ಪೀಕರಣ್ಣನಿಗೆ ಬೆಂಗಳೂರಿನಲ್ಲೊಂದು ಹೋಟೆಲೋ ಬೇಕರಿಯೋ ಇದೆ, ಒಂದು ಕಾರೂ ಇದೆ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಅವನು ರಾತ್ರಿ ಅಂಗಡಿಯ ಬಾಗಿಲು ಹಾಕಿ, ಗಲ್ಲಾ ಎಣಿಸಿ, ನೇರ ಸ್ಟಿಯರಿಂಗ್ ಹಿಡಿದು, ನಾನೂರು ಚಿಲ್ಲರೆ ಕಿಲೋಮೀಟರ್ ಒಬ್ಬನೇ ಓಡಿಸಿ ಬೆಳಗಿನ ಚಾಕ್ಕೆ ಊರು ಸೇರುವ ಶೂರ. ಬಸ್ಸಿನಲ್ಲಿ ಅವನು ಬರೀ ಕಿರಿಕಿರಿ, ಕಾರಿನಲ್ಲಿ ಮಾತ್ರ ಅಪಾಯ ಎಂದು ನಾವು ಎರಡು ಖಾತೆ ಬರೆಯುತ್ತೇವೆ. ಎರಡೂ ಒಂದೇ ಖಾತೆ ಎಂಬುದು ನನ್ನ ವಾದ. ಬಸ್ಸಿನ ಸೀಟಿನಲ್ಲಿ ಕೂತು "ಆಮೇಲೆ ಮಾತಾಡುವ" ಎನ್ನಲಾಗದವನಿಗೆ ಡ್ರೈವರ್ ಸೀಟಿನಲ್ಲಿ ಕೂತಾಗ ಆ ಮಾತು ಎಲ್ಲಿಂದ ಬರಬೇಕು?

ಶಂಕರನಾರಾಯಣ ಪರಶುರಾಮ ಸೃಷ್ಟಿಯ ಏಳು ಮುಕ್ತಿಸ್ಥಳಗಳಲ್ಲಿ ಒಂದು. ಹರಿ ಮತ್ತು ಹರ, ಇಬ್ಬರು ದೇವರು, ಒಂದೇ ಗರ್ಭಗುಡಿಯಲ್ಲಿ ಪೂಜೆಗೊಳ್ಳುವ ಕ್ಷೇತ್ರ. ಇಬ್ಬರು ಒಂದೇ ಕಡೆ ಇರುವುದು ದೇವರಿಗೆ ಸಲ್ಲುವ ಮಾತು. ಸ್ಪೀಕರಣ್ಣ ಹೊರಟಿರುವುದು ಇದರ ಉಲ್ಟಾ ಸಾಧನೆಗೆ: ಒಬ್ಬನೇ ಎರಡು ಕಡೆ ಇರಬೇಕು. ದೇಹ ಬಸ್ಸಿನಲ್ಲಿ, ಮನಸ್ಸು ಯಶವಂತಪುರದ ಗೋದಾಮಿನಲ್ಲಿ. ಅಕ್ಕಪಕ್ಕದಲ್ಲಿ ಮನುಷ್ಯರಿದ್ದಾರೆ ಎಂಬುದು ಅವನಿಗೆ ಮರೆತುಹೋದದ್ದಕ್ಕೆ ದುರಹಂಕಾರ ಕಾರಣವಲ್ಲ, ಪಾಪ. ಆ ಹೊತ್ತಿಗೆ ಅವನು ಅಲ್ಲಿ ಇರುವುದೇ ಇಲ್ಲ. ಬಸ್ಸಿನಲ್ಲಿ ಇಲ್ಲದಿದ್ದರೆ ನಷ್ಟವೇನೂ ಆಗದು, ಬಸ್ಸನ್ನು ಬೇರೆಯವರು ಬಿಡುತ್ತಿರುತ್ತಾರೆ. ಊರಿನ ದಾರಿಯ ಬಾಳೆಬರೆ ಘಾಟಿಯಲ್ಲಿ ಸ್ವಂತ ಕಾರಿನ ಸ್ಟಿಯರಿಂಗ್ ಹಿಂದೆ ಇಲ್ಲದಿದ್ದರೆ ಮುಕ್ತಿಸ್ಥಳ ತಲುಪುವ ಮೊದಲೇ ಮುಕ್ತಿ.

ಹಿಂದೆ ನಮ್ಮವರು ಹೀಗಿರಲಿಲ್ಲ ಎಂದು ನಿಟ್ಟುಸಿರು ಬಿಡುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಟ್ರಂಕ್ ಕಾಲ್ ಕಾಲದಲ್ಲಿ ಪೋಸ್ಟಾಫೀಸಿನಲ್ಲಿ ನಿಂತು ಬೊಂಬಾಯಿಗೆ ಕೂಗಿದ್ದು ಮೂರು ಗದ್ದೆ ಆಚೆಗೂ ಕೇಳುತ್ತಿತ್ತು. ಎಸ್‌ಟಿಡಿ ಬೂತ್ ಬಂದಾಗ ಗಾಜಿನ ಬಾಗಿಲು ಬಂತು, ತಲೆಯ ಮೇಲೆ ಕೆಂಪು ಅಂಕಿ ಓಡುವ ಮೀಟರ್ ಬಂತು, ಮಾತು ತಾನಾಗಿ ಗಿಡ್ಡವಾಯಿತು. 1995ರ ಜುಲೈ 31ರಂದು ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಮೇಲೂ ಕೆಲವು ವರ್ಷ ನಾವು ಮರ್ಯಾದಸ್ಥರಾಗಿಯೇ ಇದ್ದೆವು, ಯಾಕೆಂದರೆ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಮಿಸ್ಡ್ ಕಾಲ್ ಎಂಬ ಮೌನ ವ್ರತ ಹುಟ್ಟಿದ್ದು ಆಗಲೇ. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. 2016ರಲ್ಲಿ ಜಿಯೊ ಬಂದು ಹೊರಹೋಗುವ ಕರೆಯೂ ಹೆಚ್ಚುಕಡಿಮೆ ಪುಕ್ಕಟೆಯಾಯಿತು. ಆ ಸಂಯಮವೆಲ್ಲ ಮೀಟರಿನದು, ನಮ್ಮದಾಗಿರಲಿಲ್ಲ. ಮೀಟರ್ ಹೋದ ಮೇಲೆ ಅದನ್ನು ಸ್ವಂತ ಖರ್ಚಿನಲ್ಲಿ ಕಲಿಯಬೇಕಾಗಿದೆ.

ಸ್ಪೀಕರಣ್ಣನ ವಕೀಲರ ಮೊದಲ ವಾದ ಹೀಗೆ: ಕರಾವಳಿಯ ಬಸ್ಸೆಂದರೆ ಮೊದಲೇ ಗಲಾಟೆ. ಡ್ರೈವರನ ತಲೆಯ ಮೇಲೆ ಹಾಡು, ಮೀನಿನ ಬುಟ್ಟಿಯ ಹೆಂಗಸರ ಜಗಳ, ಶಾಲೆ ಮಕ್ಕಳ ಕೇಕೆ. ಇವನೊಬ್ಬನ ಮಾತು ಯಾವ ಲೆಕ್ಕ? ನ್ಯಾಯವಾದ ಪ್ರಶ್ನೆ. ಆದರೆ ಇಬ್ಬರು ಎದುರೆದುರು ಮಾತಾಡುವುದು ಕಿವಿಗೆ ಬಿದ್ದರೆ ಮನಸ್ಸು ಅದನ್ನು ಬದಿಗಿಡುತ್ತದೆ, ಒಬ್ಬನ ಮಾತು ಮಾತ್ರ ಕೇಳಿದರೆ ಉಳಿದರ್ಧವನ್ನು ಊಹಿಸಲು ಹೊರಟು ದಣಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ: ಅರ್ಧ ಸಂಭಾಷಣೆ ಕೇಳಿಸಿಕೊಂಡವರು ಕೈಲಿದ್ದ ಕೆಲಸದಲ್ಲಿ ಹೆಚ್ಚು ತಪ್ಪಿದರು. ಸ್ಪೀಕರಣ್ಣ ಇದಕ್ಕೂ ಪರಿಹಾರ ಕಂಡುಹಿಡಿದಿದ್ದಾನೆ ಎಂಬುದನ್ನು ಒಪ್ಪಬೇಕು. ಸ್ಪೀಕರ್ ಹಾಕಿ ಎರಡೂ ಅರ್ಧವನ್ನು ಧರ್ಮಾರ್ಥ ಒದಗಿಸುತ್ತಾನೆ. ಆಗ ತೊಂದರೆ ಇನ್ನೊಂದು ಬಗೆಯದು. ಆ ಕಡೆಯಿಂದ ಮಾತಾಡುವ ಅತ್ತಿಗೆಗೆ ತಾನೂ ಈ ಬಸ್ಸಿನಲ್ಲಿ ಟಿಕೆಟಿಲ್ಲದೆ ಕೂತಿದ್ದೇನೆ ಎಂದು ಗೊತ್ತಿಲ್ಲ. ಬೆಂಗಳೂರಿನ ಮೆಟ್ರೋದಲ್ಲಾದರೆ ಕೇಳುವವರೆಲ್ಲ ಪರಕೀಯರು, ಇಳಿದ ಮೇಲೆ ಮರೆಯುತ್ತಾರೆ. ಶಂಕರನಾರಾಯಣದ ಬಸ್ಸಿನಲ್ಲಿ ಯಾರಿಗೆ ಯಾರು ಸಂಬಂಧವಲ್ಲ? "ಆ ಹುಡುಗಿ ಮನೆಯವ್ರ್ ಎಂತಕ್ಕೂ ಆಗದವ್ರ್" ಎಂದು ಅತ್ತಿಗೆ ಹೇಳಿದ್ದನ್ನು ಹುಡುಗಿಯ ಸೋದರಮಾವ ಎರಡು ಸೀಟು ಹಿಂದೆ ಕೂತು ಗಮನವಿಟ್ಟು ಕೇಳಿಸಿಕೊಳ್ಳುತ್ತಿರುತ್ತಾನೆ. ಸರ್ಕಾರಿ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೊಗಳನ್ನು ಜೋರಾಗಿ ಹಾಕಬಾರದೆಂಬ ಕಟ್ಟಳೆ ರಾಜ್ಯ ಹೈಕೋರ್ಟಿನಲ್ಲಿ ಪ್ರಕರಣ ನಡೆದು 2021ರ ನವೆಂಬರಿನಲ್ಲಿ ಬಂದಿದೆ. ಮೊಬೈಲಿನ ಹಾಡಿಗೇನೋ ಕಟ್ಟಳೆಯಾಯಿತು. ಅತ್ತಿಗೆಯ ಮಾತು ಯಾವ ಕಲಮಿನಡಿ ಬರುತ್ತದೆ?

ನೆಟ್‌ವರ್ಕ್ ಇಲ್ಲದ್ದರಿಂದ ಕೂಗುತ್ತಾನೆ ಎಂಬ ಸಮರ್ಥನೆ ಇನ್ನೊಂದು. ಸಿದ್ದಾಪುರ, ಹೊಸಂಗಡಿ ಕಡೆ ಕಾಡೂ ಗುಡ್ಡವೂ ಸೇರಿ ಸಿಗ್ನಲನ್ನು ನುಂಗುವುದು ನಿಜ. ಆದರೆ ಸಿಗ್ನಲ್ ಕೂಗಿಗೆ ಓಗೊಡುವುದಿಲ್ಲ. ಟವರಿಗೆ ತಲುಪಿದರೆ ಪಿಸುಮಾತೂ ತಲುಪುತ್ತದೆ, ತಲುಪದಿದ್ದರೆ ಭಾಗವತಿಕೆಯ ಏರುಪದವೂ ತಲುಪದು.

ಇನ್ನು ಕಾರು. ಬೆಂಗಳೂರಿನಿಂದ ಹೊರಟ ಸ್ಪೀಕರಣ್ಣ ತುಮಕೂರು ದಾಟುವವರೆಗೆ ಕೆಲಸಗಾರರಿಗೆ ಬೈಯುತ್ತಾನೆ, ಶಿವಮೊಗ್ಗದವರೆಗೆ ಮುಂಬೈಯ ಭಾವನೊಡನೆ ರಾಜಕೀಯ, ತೀರ್ಥಹಳ್ಳಿ ಬಿಟ್ಟ ಮೇಲೆ ಮನೆಯವರ ಸರದಿ. "ಎಲ್ಲಿದ್ರಿ?" "ಯಡೂರ್." ಹತ್ತು ನಿಮಿಷ ಬಿಟ್ಟು ಮತ್ತೆ "ಈಗ ಎಲ್ಲಿದ್ರಿ?" ಗಂಡ ಹತ್ತು ನಿಮಿಷದಲ್ಲಿ ಇನ್ನೆಲ್ಲಿಗೆ ಹೋಗಲು ಸಾಧ್ಯ ಎಂದು ಯಾರೂ ಕೇಳುವುದಿಲ್ಲ. ಇಷ್ಟು ಹೊತ್ತಿಗೆ ಮಾಸ್ತಿಕಟ್ಟೆ ದಾಟಿ, ಹುಲಿಕಲ್ಲಿನಿಂದ ಬಾಳೆಬರೆ ಘಾಟಿಯ ಇಳಿಜಾರು ಆರಂಭ. ಆಗುಂಬೆಯ ಜೊತೆ ಮಳೆಯಲ್ಲಿ ಸ್ಪರ್ಧೆಗೆ ಬೀಳುವ ಊರು ಹುಲಿಕಲ್. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವೆಂದು ಎಣಿಸಿಟ್ಟು ಹೆದರುವ ಜನ ಬಾಳೆಬರೆಯಲ್ಲಿ ಎಣಿಸುವ ಗೋಜಿಗೆ ಹೋಗುವುದಿಲ್ಲ. ಮಂಜು ಕವಿದಾಗ ಎಣಿಸಲು ಕಾಣುವುದೂ ಇಲ್ಲ. ಘಾಟಿಯ ಚಂಡಿಕಾಂಬೆಗೆ ಕೈಮುಗಿಯಲು ಸ್ಪೀಕರಣ್ಣ ಕಾರು ನಿಲ್ಲಿಸುತ್ತಾನೆ, ಫೋನು ನಿಲ್ಲಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದರೆ, 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಗಿ, ವಾಹನ ಬಿಡುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿತು. 2020ರ ಅಕ್ಟೋಬರ್ 1ರಿಂದ ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ ವಿನಾಯಿತಿ. ಹುಟ್ಟಿದೂರಿಗೆ ಹೋಗಲು ಮ್ಯಾಪ್ ಯಾಕೆಂದು ಸ್ಪೀಕರಣ್ಣನನ್ನು ಕೇಳಬಾರದು. ಪೊಲೀಸರು ಹಿಡಿದಾಗ ಅವನು ಮ್ಯಾಪನ್ನೇ ನೋಡುತ್ತಿರುತ್ತಾನೆ. ಅವನ ನಿಜವಾದ ಕೋಟೆ ಬ್ಲೂಟೂತ್. "ಕೈಯಾಗ್ ಹಿಡ್ಕಂಡಿಲ್ಲ ಅಲ್ದಾ?" ಎಂಬಲ್ಲಿಗೆ ಅವನ ಆತ್ಮಸಾಕ್ಷಿ ಮಲಗಿತು. ಕಾನೂನು ಕೈಯನ್ನು ನೋಡುತ್ತದೆ, ಗುಂಡಿಗೆ ಬೀಳುವುದು ತಲೆಯ ಕಾರಣದಿಂದ. ಟೊರಾಂಟೊದಲ್ಲಿ ರೆಡೆಲ್‌ಮಯರ್ ಮತ್ತು ತಿಬ್ಶಿರಾನಿ ಎಂಬಿಬ್ಬರು ಅಪಘಾತಕ್ಕೀಡಾದ ಚಾಲಕರ ಫೋನ್ ಬಿಲ್ಲುಗಳನ್ನೇ ತೆಗೆದು ನೋಡಿ 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮಾತಾಡುತ್ತಿರುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಕೈ ಬಿಟ್ಟು ಮಾತಾಡುವ ಫೋನಿನಿಂದ ಏನೂ ಉಪಕಾರವಾದದ್ದು ಅವರಿಗೆ ಕಾಣಲಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ಕಾಗದದ ಮುಹೂರ್ತ ಓದಲು ಐದು ಸೆಕೆಂಡ್ ಹಿಡಿದರೆ 110 ಮೀಟರ್ ಕಣ್ಣಿಲ್ಲದ ಸವಾರಿ.

ಹಾಗಾದರೆ ಪಕ್ಕದ ಸೀಟಿನವರೊಡನೆ ಮಾತಾಡುವುದೂ ತಪ್ಪೇ? ಇಲ್ಲ, ಮತ್ತು ಈ ವ್ಯತ್ಯಾಸದಲ್ಲಿಯೇ ವಿಷಯದ ತಿರುಳಿದೆ. ಪಕ್ಕದಲ್ಲಿ ಕೂತ ಹೆಂಡತಿಗೂ ಎದುರಿನ ಲಾರಿ ಕಾಣುತ್ತದೆ. ತಿರುವು ಬಂದರೆ ಮಾತು ನಿಲ್ಲಿಸುತ್ತಾಳೆ, ಬಸ್ಸು ನುಗ್ಗಿದರೆ "ಹೋಯ್, ನಿಧಾನ" ಎನ್ನುತ್ತಾಳೆ. 2008ರಲ್ಲಿ ಯೂಟಾ ವಿಶ್ವವಿದ್ಯಾಲಯದ ಪ್ರಯೋಗವೊಂದು ಇದನ್ನೇ ಕಂಡಿತು: ಜೊತೆಗಾರರು ರಸ್ತೆಯ ಕಷ್ಟ ನೋಡಿ ಮಾತು ಹೊಂದಿಸಿಕೊಳ್ಳುತ್ತಾರೆ, ಫೋನಿನ ಆಚೆಯವರಿಗೆ ಅದು ಸಾಧ್ಯವಿಲ್ಲ. ಮುಂಬೈಯ ಭಾವನಿಗೆ ಬಾಳೆಬರೆಯ ತಿರುವು ಕಾಣುವುದಾದರೂ ಹೇಗೆ? ಅವನು ಮುಖ್ಯಮಂತ್ರಿ ಯಾರಾಗಬೇಕೆಂದು ಹೇಳುತ್ತಲೇ ಇರುತ್ತಾನೆ.

ಉಳಿದದ್ದು ಸ್ಪೀಕರಣ್ಣನ ಬ್ರಹ್ಮಾಸ್ತ್ರ: "ಮಾತಾಡದೆ ಇದ್ರೆ ನಿದ್ರಿ ಬತ್ತ್ ಮಾರ್ರೆ." ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಅಮೆರಿಕದ ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ವರ್ಜೀನಿಯಾದ ಸಂಶೋಧಕರು 2009ರಲ್ಲಿ ಹೊರತಂದ ವರದಿಯಲ್ಲಿ, ಸಂದೇಶ ಟೈಪ್ ಮಾಡುವುದು ಅಪಾಯವನ್ನು 23 ಪಟ್ಟು ಏರಿಸಿದರೂ, ಕೈ ಬಿಟ್ಟು ಮಾತಾಡುವುದು ಆ ಚಾಲಕರಿಗೆ ಅಪಾಯ ಹೆಚ್ಚಿಸಲಿಲ್ಲ. ಇಲ್ಲಿ ಪುರಾವೆ ಅವನ ಪರವಾಗಿದೆ, ಅದನ್ನು ಅವನಿಗೆ ಕೊಟ್ಟುಬಿಡೋಣ. ಆದರೆ ಅವರು ವೃತ್ತಿಪರ ಚಾಲಕರು, ಎಷ್ಟು ಗಂಟೆ ಓಡಿಸಬಹುದೆಂಬ ನಿಯಮಕ್ಕೆ ಒಳಪಟ್ಟವರು. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ಸಿನ ಡ್ರೈವರನಿಗೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿ, ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಬೇಕೆಂದಿತ್ತು. ಸ್ವಂತ ಕಾರಿನ ಸ್ಪೀಕರಣ್ಣ ಬೆಳಿಗ್ಗೆ ಐದಕ್ಕೆ ಇಡ್ಲಿ ಹಿಟ್ಟಿನೆದುರು ನಿಂತವನು, ರಾತ್ರಿ ಹನ್ನೊಂದಕ್ಕೆ ಕೀಲಿ ತಿರುಗಿಸುತ್ತಾನೆ. ಹದಿನೇಳು ಗಂಟೆ ಎದ್ದಿದ್ದವನ ಚುರುಕು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇದ್ದವನ ಚುರುಕಿನಷ್ಟೇ ಎಂದು 2000ದಲ್ಲಿ ಆಸ್ಟ್ರೇಲಿಯಾದವರು ಅಳೆದಿದ್ದಾರೆ. ನಮ್ಮ ಕಾಯ್ದೆ ಕ್ಷಮಿಸುವುದು 0.03ರವರೆಗೆ. ಅಂದರೆ ಜೀವನದಲ್ಲಿ ಒಂದು ತೊಟ್ಟೂ ಮುಟ್ಟದ ಸಾತ್ವಿಕ ಸ್ಪೀಕರಣ್ಣ ನೆಲಮಂಗಲ ದಾಟುವಾಗಲೇ ಹೆಚ್ಚುಕಡಿಮೆ ಕುಡಿದವನು. ಮಾತಾಡದಿದ್ದರೆ ನಿದ್ರೆ ಬರುತ್ತದೆ ಎಂದರೆ ನಿದ್ರೆ ಬಂದಾಗಿದೆ ಎಂದೇ ಅರ್ಥ. ಅದಕ್ಕೆ ಬೇಕಾದದ್ದು ಭಾವನಲ್ಲ, ಶಿವಮೊಗ್ಗದಲ್ಲೊಂದು ರೂಮು. ರೂಮಿಗೆ ದುಡ್ಡು ದಂಡ ಎನ್ನುವವನು ಜಾತ್ರೆಯ ಸುಡುಮದ್ದಿಗೆ ಕೊಡುವ ದೇಣಿಗೆಯನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಹಾಗೆಂದು ಎಲ್ಲ ಅಪರಾಧವನ್ನೂ ಇವನ ತಲೆಗೆ ಕಟ್ಟುವುದು ಅನ್ಯಾಯ. ಒಂದು ಕರೆಗೆ ಎರಡು ತುದಿ. ಎತ್ತದಿದ್ದರೆ "ಎಂತ ಆಯ್ತೋ" ಎಂದು ಆರು ಸಲ ಹೊಡೆಯುವವರು, ಎತ್ತಿದರೆ ಇಡಲು ಬಿಡದವರು ಊರಿನಲ್ಲಿ ನಾವೇ. ಅವನ ಬಸ್ಸಿನ ದುರಭ್ಯಾಸಕ್ಕೆ ಶ್ರೋತೃಗಳಾಗಿ ನಕ್ಕು ಒಗ್ಗರಣೆ ಹಾಕಿದವರೂ ನಾವೇ. ಆದ್ದರಿಂದ ಮನೆಯಲ್ಲಿ ಕಾಯುವವರಲ್ಲಿ ಒಂದು ವಿನಂತಿ: ಹೊರಡುವಾಗ ಒಮ್ಮೆ, ತೀರ್ಥಹಳ್ಳಿಯಲ್ಲಿ ಚಾಕ್ಕೆ ನಿಂತಾಗ ಒಮ್ಮೆ ಅವನೇ ಫೋನು ಮಾಡಲಿ, ನಡುವೆ ನೀವು ಮಾಡಬೇಡಿ. ತಡೆಯಲಾರದೆ ಮಾಡಿದಿರೋ, "ಗಾಡಿ ಬಿಡ್ತಾ ಇದ್ರ್ಯಾ?" ಎಂದು ಮೊದಲು ಕೇಳಿ, ಹೌದೆಂದರೆ ಮರುಮಾತಿಲ್ಲದೆ ಇಟ್ಟುಬಿಡಿ. ಸಾರಿಗೆ ಬಂಗಡೆಯೋ ಅಂಜಲೋ ಎಂಬುದನ್ನು ಅವನು ಮನೆಗೆ ಬಂದ ಮೇಲೂ ತೀರ್ಮಾನ ಮಾಡಬಹುದು.