ಮಂದಗತಿ ಮೀಮಾಂಸೆ ಅಥವಾ ಕ್ಯಾರಂ ಪಾನು ಪಾಕೆಟ್ಟಿನ ಬಾಯಲ್ಲಿಯೇ ನಿಲ್ಲುವುದೇಕೆ?

ಚಲಿಸುವ ವಸ್ತುವು ಏತಕ್ಕಾಗಿ ಚಲಿಸುತ್ತದೆಂಬುದನ್ನು ಕುರಿತು ಪ್ರಾಚ್ಯ ಪಾಶ್ಚಾತ್ಯ ಪಂಡಿತರು ಲೆಕ್ಕವಿಲ್ಲದಷ್ಟು ಗ್ರಂಥಗಳನ್ನು ರಚಿಸಿರುವರಾದರೂ, ಚೆನ್ನಾಗಿಯೇ ಹೊರಟಿದ್ದ ಕ್ಯಾರಂ ಪಾನು ಪಾಕೆಟ್ಟಿನ ಬಾಯವರೆಗೆ ಬಂದು, ಒಳಕ್ಕೊಮ್ಮೆ ಇಣಿಕಿ ನೋಡಿ, ಅಲ್ಲಿಯೇ ನಿಂತುಬಿಡುವುದೇಕೆಂಬ ಮಹಾಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಎತ್ತಿಕೊಂಡಂತೆ ತೋರುವುದಿಲ್ಲ. ಈ ಲೋಪವನ್ನು ನೀಗಬೇಕೆಂಬ ಸದುದ್ದೇಶದಿಂದ ಪ್ರಕೃತ ಪ್ರಬಂಧವು ಹೊರಟಿದೆ.

ಮೊದಲು ಪೂರ್ವಪಕ್ಷ. ಆಟದಲ್ಲಿ ಸೋತವರನ್ನು ವಿಚಾರಿಸಲಾಗಿ, ಅವರಲ್ಲಿ ಮೂರು ದರ್ಶನಗಳು ಪ್ರಚಲಿತವಾಗಿರುವುದು ಕಂಡುಬರುತ್ತದೆ. ಬೋರ್ಡು ಓರೆಯಾಗಿದೆ ಎಂಬವರು ಓರೆವಾದಿಗಳು. ಇವರು ಸ್ಟೂಲಿನ ಕಾಲಡಿಗೆ ಹಳೆಯ ಪತ್ರಿಕೆಯನ್ನು ಮಡಿಸಿ ಇಡತಕ್ಕವರು. ಆದರೆ ಇದೇ ವಾದಿಯು ಮುಂದಿನ ಆಟದಲ್ಲಿ ಎದುರು ಬದಿಗೆ ಕುಳಿತೊಡನೆ ಓರೆಯೂ ಆತನೊಡನೆ ಎದ್ದುಬಂದು ಎದುರು ಬದಿಗೇ ಸೇರುವುದರಿಂದ, ಈ ದರ್ಶನವು ಗ್ರಾಹ್ಯವಲ್ಲ. ಯಾರದೋ ಕಣ್ಣು ಬಿತ್ತೆನ್ನುವ ದೃಷ್ಟಿವಾದಿಗಳನ್ನು ಖಂಡಿಸುವುದು ಸಾಧ್ಯವಿಲ್ಲ. ಅವರು ನಮ್ಮನ್ನೇ ನೋಡುತ್ತಾ ಹಾಗೆನ್ನುತ್ತಾರೆ. ಪೌಡರು ಸಾಲದೆನ್ನುವ ಚೂರ್ಣವಾದಿಗಳ ಮಾತಿನಲ್ಲಿ ಮಾತ್ರ ಅಷ್ಟಿಷ್ಟು ಹುರುಳುಂಟು. ಬೋರಿಕ್ ಆಮ್ಲದ ಹರಳು ಪದರ ಪದರವಾಗಿದ್ದು, ಒಂದು ಪದರವು ಇನ್ನೊಂದರ ಮೇಲೆ ಸುಲಭವಾಗಿ ಜಾರುವ ಸ್ವಭಾವದ್ದಾದ ಕಾರಣ, ಪಾನಿಗೂ ಹಲಗೆಗೂ ನಡುವಣ ಘರ್ಷಣೆಯನ್ನು ಅದು ಕುಂದಿಸುವುದು ಸತ್ಯ. ಆದರೆ ಎದುರಾಳಿಯ ಪಾನೂ ಅದೇ ಪುಡಿಯ ಮೇಲೆಯೇ ಜಾರಿ ಒಳಗೆ ಬಿದ್ದದ್ದನ್ನು ಚೂರ್ಣವಾದಿಗಳು ಎಂದೂ ಸಾಕ್ಷ್ಯವಾಗಿ ಸ್ವೀಕರಿಸಿದವರಲ್ಲ.

ಇನ್ನು ಸಿದ್ಧಾಂತ. ಫ್ರಾನ್ಸ್ ದೇಶದ ಅಮೊಂತೋ ಎಂಬಾತನು 1699ರಲ್ಲಿ, ಘರ್ಷಣೆಯು ಭಾರವನ್ನು ಅನುಸರಿಸುವುದೇ ಹೊರತು ತಗಲುವ ಮೈಯ ವಿಸ್ತಾರವನ್ನು ಲೆಕ್ಕಿಸುವುದಿಲ್ಲವೆಂದು ಸಾರಿದನು. 1785ರಲ್ಲಿ ಕೂಲಂಬನು, ಒಮ್ಮೆ ಜಾರಲು ತೊಡಗಿದ ವಸ್ತುವಿನ ಮೇಲಣ ಘರ್ಷಣೆಯು ವೇಗ ಹೆಚ್ಚಲಿ ತಗ್ಗಲಿ ಬಹುಮಟ್ಟಿಗೆ ಒಂದೇ ಸಮನಾಗಿರುವುದೆಂದನು. ಇಬ್ಬರೂ ಕ್ಯಾರಂ ಆಡಿದವರಲ್ಲ. ಆಡಿದ್ದರೆ ಇಷ್ಟು ಶಾಂತಚಿತ್ತದಿಂದ ಬರೆಯುತ್ತಿದ್ದರೋ ಇಲ್ಲವೋ ಸಂಶಯ. ಏನೇ ಇರಲಿ, ತಡೆಯುವ ಬಲವು ಏಕರೂಪವಾದ್ದರಿಂದ ಪಾನು ಪ್ರತಿಕ್ಷಣವೂ ಸಮಪ್ರಮಾಣದಲ್ಲಿ ವೇಗವನ್ನು ಕಳೆದುಕೊಳ್ಳುತ್ತದೆ. ಬೀಳುವ ವಸ್ತುವು ಸಮಾನ ಕಾಲಗಳಲ್ಲಿ 1, 3, 5, 7 ಎಂಬ ಬೆಸಸಂಖ್ಯೆಗಳ ಕ್ರಮದಲ್ಲಿ ದೂರವನ್ನು ಕ್ರಮಿಸುವುದೆಂದು ಗೆಲಿಲಿಯೋ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ತೋರಿಸಿರುವನಷ್ಟೆ. ಅದನ್ನೇ ಹಿಂದುಮುಂದಾಗಿ ಓದಿದರೆ ನಮ್ಮ ಪಾನಿನ ಜಾತಕ ದೊರೆಯುತ್ತದೆ: 7, 5, 3, 1.

ಇದರ ಫಲಿತಾಂಶವನ್ನು ವಾಚಕರು ಸಾವಧಾನವಾಗಿ ಗಮನಿಸತಕ್ಕದ್ದು. ಮೊದಲ ಅರ್ಧ ಕಾಲದಲ್ಲಿಯೇ ಪಾನು ಮುಕ್ಕಾಲು ದಾರಿಯನ್ನು ಮುಗಿಸಿಬಿಡುತ್ತದೆ. ಉಳಿದ ಕಾಲು ದಾರಿಗೆ ಉಳಿದ ಅರ್ಧ ಕಾಲವೆಲ್ಲ ಬೇಕಾಗುತ್ತದೆ. ಆಟಗಾರನು ಉಸಿರು ಬಿಗಿಹಿಡಿಯುವುದು, ಪಕ್ಕದವನು "ಹೋಗು, ಹೋಗು, ಇನ್ನೊಂಚೂರು" ಎಂದು ಪಾನನ್ನು ಏಕವಚನದಲ್ಲಿ ಪುಸಲಾಯಿಸುವುದು, ಹಿಂದೆ ನಿಂತವನು ಪಾಕೆಟ್ಟಿನ ದಿಕ್ಕಿಗೆ ಸೊಂಟವನ್ನು ವಾಲಿಸುವುದು, ಕುಲದೇವರಿಗೆ ತೆಂಗಿನಕಾಯಿಯ ಹರಕೆ ಸಲ್ಲುವುದು, ಇವೆಲ್ಲವೂ ನಡೆಯುವುದು ಈ ದ್ವಿತೀಯಾರ್ಧದಲ್ಲಿಯೇ. ಪ್ರಕೃತಿಯು ವೇಗವನ್ನು ಬೇರೆ ರೀತಿಯಲ್ಲಿ ಕಳೆಯುವ ಏರ್ಪಾಡು ಮಾಡಿದ್ದರೆ ಇಷ್ಟೊಂದು ಭಕ್ತಿಗೆ ಎಡೆಯೆಲ್ಲಿರುತ್ತಿತ್ತು?

ಮೇಲಾಗಿ, ಪಾನು ಜಾರುವ ದೂರವು ಹೊರಟಾಗಿನ ವೇಗದ ವರ್ಗವನ್ನು ಅನುಸರಿಸುವುದರಿಂದ, ಬೆರಳು ಶೇಕಡಾ 1ರಷ್ಟು ಲೋಭ ಮಾಡಿದರೆ ದೂರದಲ್ಲಿ ಶೇಕಡಾ 2ರಷ್ಟು ನಷ್ಟ. ಎಂದರೆ 60 ಸೆಂಟಿಮೀಟರಿನ ಪಯಣದಲ್ಲಿ ಸುಮಾರು 1.2 ಸೆಂಟಿಮೀಟರು. ಪಾನಿನ ನಡುಭಾಗವು ಪಾಕೆಟ್ಟಿನ ಅಂಚನ್ನು ದಾಟಿದಲ್ಲದೆ ಅದು ಬೀಳುವಂತಿಲ್ಲವಾದ್ದರಿಂದ, ಮುಖವನ್ನಷ್ಟೇ ಗುಂಡಿಯ ಮೇಲಕ್ಕೆ ಚಾಚಿ, ಎದುರಾಳಿಯ ಸ್ಟ್ರೈಕರು ಬಂದು ದೂಡಲೆಂದು ಕಾಯುತ್ತ ಕೂರುವುದಕ್ಕೆ ಈ 1.2 ಧಾರಾಳವಾಗಿ ಸಾಕು.

ವೈಶೇಷಿಕ ಮತದ ಪ್ರಶಸ್ತಪಾದಾಚಾರ್ಯರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿ, ಸ್ಪರ್ಶವುಳ್ಳ ದ್ರವ್ಯದ ಸಂಯೋಗವಿಶೇಷದಿಂದ ವೇಗವು ನಾಶವಾಗುವುದೆಂದಿದ್ದಾರೆ. ಕ್ಯಾರಂ ಬೋರ್ಡಿನ ಸುತ್ತ ಈ ಮೂರೂ ಏಕಕಾಲದಲ್ಲಿ ಕಾಣಸಿಗುವುದು ನಮಗೆ ಪರಮಾಶ್ಚರ್ಯವನ್ನು ಉಂಟುಮಾಡಿದೆ. ವೇಗವು ಪಾನಿನಲ್ಲಿದ್ದು ಹಲಗೆಯ ಸ್ಪರ್ಶದಿಂದ ಅಳಿಯಿತು. ಸ್ಥಿತಿಸ್ಥಾಪಕವು ಹಿಂದೆ ವಾಲಿ ನಿಂತವನ ಸೊಂಟದಲ್ಲಿದ್ದು, ಪಾನು ನಿಂತೊಡನೆ ಆತನನ್ನು ನೆಟ್ಟಗೆ ಮಾಡಿತು. ನೆನಪಿಗೆ ಕಾರಣವಾದ ಭಾವನೆಯಾದರೋ ಸೋತವನಲ್ಲಿ ನೆಲಸಿತು. ಇದಕ್ಕೆ ಕೂಲಂಬನ ನಿಯಮವು ಅನ್ವಯಿಸುವುದಿಲ್ಲ. ಎಷ್ಟೋ ವರ್ಷಗಳ ತರುವಾಯ, ಯಾರದೋ ಮದುವೆಯ ಪಂಕ್ತಿಯಲ್ಲಿ ಪಕ್ಕದೆಲೆಗೆ ಬಂದು ಕುಳಿತ ಈ ಮಹನೀಯನು, ಸಾರಿನನ್ನವನ್ನು ಕಲಸುತ್ತಾ, ಯಾವ ಪೀಠಿಕೆಯೂ ಇಲ್ಲದೆ ಹೇಳುತ್ತಾನೆ: "ಅವತ್ತು ಆ ಬೋರ್ಡು ಓರೆಯಾಗಿತ್ತು ಕಣಯ್ಯಾ."